ಮೂಳೆಪುಡಿ ಎಲ್ಲಿ ನಿಲ್ಲುತ್ತದೆ?

ರೊಬಸ್ಟಾ ಕೊಯ್ಲು ಮುಗಿಯುತ್ತಿದ್ದಂತೆ ಮಡಿಕೇರಿಯ ನನ್ನ ಕ್ಲಿನಿಕ್‌ಗೆ ತೋಟದವರು ಬರತೊಡಗುತ್ತಾರೆ. ಮೂರು ತಿಂಗಳು ತಡೆದುಕೊಂಡ ಹಲ್ಲುನೋವನ್ನೆಲ್ಲ ಆಗ ತರುತ್ತಾರೆ. ಕಳೆದ ಫೆಬ್ರವರಿಯಲ್ಲಿ ಬಂದ ಬೆಳೆಗಾರರೊಬ್ಬರ ದವಡೆಹಲ್ಲಿನ ಬದಿಯ ವಸಡು ಕೆಂಪಾಗಿ ಉಬ್ಬಿತ್ತು. ಅಳತೆಗೆರೆಗಳಿರುವ ಸಣ್ಣ ಕಡ್ಡಿಯನ್ನು ಅಲ್ಲಿ ಮೆಲ್ಲಗೆ ಇಳಿಸಿದೆ. ಆರೋಗ್ಯವಾದ ವಸಡಿನಲ್ಲಿ ಅದು 3 ಮಿಲಿಮೀಟರ್ ದಾಟುವುದಿಲ್ಲ. ಇಲ್ಲಿ 8ಕ್ಕೆ ಹೋಗಿ ನಿಂತಿತು. ತೆಗೆಯುವಾಗ ಹಿಂದೆಯೇ ರಕ್ತ ಬಂತು.

“ಮೂಳೆಪುಡಿ ಹಾಕಿದರೆ ಗಟ್ಟಿಯಾಗುತ್ತದಂತಲ್ಲ ಡಾಕ್ಟರೇ, ಎಲ್ಲ ಹಲ್ಲಿಗೂ ಹಾಕಿಬಿಡಿ” ಎಂದರು.

ವಸಡಿನ ರೋಗದಿಂದ ಮೂಳೆ ಕರಗಿದ ಜಾಗಕ್ಕೆ ತುಂಬುವ ಈ ಪುಡಿಯನ್ನು ಎಲ್ಲ ಹಲ್ಲಿಗೂ ಹಾಕಲು ಬರುವುದಿಲ್ಲ. ಏಕೆಂದು ಹೇಳಲು ಅವರ ತೋಟವನ್ನೇ ಹಿಡಿದುಕೊಂಡೆ. ಗುಂಡಿಗೆ ತುಂಬಿದ ಮಣ್ಣು ಕಕ್ಕಡ ತಿಂಗಳ ಜಡಿಮಳೆಗೂ ನಿಲ್ಲುತ್ತದೆ. ಬೋಳು ಇಳಿಜಾರಿಗೆ ಸುರಿದದ್ದು ತೋಡು ಸೇರುತ್ತದೆ. ಈ ದವಡೆಹಲ್ಲಿನ ಪಕ್ಕದಲ್ಲಿ ಮೂಳೆ ಕರಗಿ ಗುಂಡಿಯಾಗಿತ್ತು: ಮೂರು ಕಡೆ ಮೂಳೆಯ ಗೋಡೆ, ನಾಲ್ಕನೆಯ ಕಡೆ ಹಲ್ಲಿನ ಬೇರು. ಅಲ್ಲಿ ಪುಡಿ ನಿಲ್ಲುತ್ತದೆ. ಅವರ ಮುಂದಿನ ಹಲ್ಲುಗಳ ಸುತ್ತ ಮೂಳೆ ಒಂದೇ ಮಟ್ಟದಲ್ಲಿ ಸವೆದು ತಗ್ಗಿತ್ತು. ಅಲ್ಲಿ ಹಿಡಿದಿಡಲು ಗೋಡೆಯೇ ಇಲ್ಲ. ಆಳವಾಗಿ ಶುಚಿಮಾಡಿ ರೋಗವನ್ನು ತಡೆಯುವುದೇ ಅವುಗಳಿಗೆ ಚಿಕಿತ್ಸೆ. ಹೆಚ್ಚು ಹಣ ಕೊಡುತ್ತೇನೆಂದರೂ ಅಲ್ಲಿ ಪುಡಿ ಹಾಕುವುದು ಸರಿಯಲ್ಲ.

ಗುಂಡಿ ತುಂಬಿದರೂ ಕೆಲಸ ಮುಗಿಯದು. ವಸಡಿನ ಮೇಲ್ಪದರದ ಕೋಶಗಳು ಕಳೆಯ ಹಾಗೆ. ತೆರೆದ ಜಾಗ ಕಂಡರೆ ಎಲ್ಲರಿಗಿಂತ ಮೊದಲು ಹಬ್ಬಿ ಬೇರಿನ ಮೇಲೆ ಇಳಿದುಬಿಡುತ್ತವೆ. ಹಲ್ಲನ್ನು ಮೂಳೆಗೆ ಕಟ್ಟಿಡುವ ನಾರು ಮತ್ತು ಹೊಸ ಮೂಳೆ ಬೆಳೆಯುವುದು ನಿಧಾನ. ಅವುಗಳಿಗೆ ಕಾಲಾವಕಾಶ ಕೊಡಲು ನಡುವೆ ಪೊರೆಯೊಂದನ್ನು ಇಡುತ್ತೇವೆ. 1982ರಲ್ಲಿ ಸಂಶೋಧಕ ನೈಮನ್ ಮತ್ತು ಸಂಗಡಿಗರು ಮನುಷ್ಯರ ಹಲ್ಲಿನಲ್ಲಿ ಇದನ್ನು ಮೊದಲು ತೋರಿಸಿಕೊಟ್ಟಾಗ ಬಳಸಿದ್ದು ಪ್ರಯೋಗಾಲಯದ ಸೋಸುವ ಹಾಳೆಯನ್ನು. ಆಮೇಲೆ ಬಂದ ಟೆಫ್ಲಾನ್ ಜಾತಿಯ ಪೊರೆಗಳು ಕರಗುತ್ತಿರಲಿಲ್ಲ. ತೆಗೆಯಲು ಮತ್ತೊಮ್ಮೆ ವಸಡು ಬಿಡಿಸಬೇಕಿತ್ತು. ಈಗಿನ, ಕೊಲಾಜನ್ ಎಂಬ ಪ್ರೋಟೀನಿನ ಪೊರೆ ತಾನೇ ಕರಗಿಹೋಗುತ್ತದೆ.

ಈ ಕೊಲಾಜನ್ ಬರುವುದು ಹೆಚ್ಚಾಗಿ ಹಂದಿ ಅಥವಾ ದನದಿಂದ. ಹೆಚ್ಚು ಬಳಕೆಯಲ್ಲಿರುವ ಮೂಳೆಪುಡಿಯೊಂದು ದನದ ಮೂಳೆಯಿಂದ ಸಾವಯವ ಅಂಶವನ್ನೆಲ್ಲ ತೆಗೆದು ಉಳಿಸಿಕೊಂಡ ಖನಿಜ. ಕೆಲವೊಮ್ಮೆ ನಾರು ಮತ್ತೆ ಬೆಳೆಯಲೆಂದು ಬೇರಿಗೆ ಹಚ್ಚುವ ಎನಾಮೆಲ್ ಪ್ರೋಟೀನಿನ ಜೆಲ್ ಹಂದಿಮರಿಯ ಬೆಳೆಯುತ್ತಿರುವ ಹಲ್ಲಿನದು. ಪಂದಿ ಕರಿ ಇಲ್ಲದೆ ಹಬ್ಬವಾಗದ ಮನೆಯವರೂ ದನದ್ದೆಂದರೆ ಬೇಡವೆನ್ನುವುದುಂಟು. ಮುಸ್ಲಿಂ ಕುಟುಂಬದವರು ಹಂದಿಯದನ್ನು ಒಲ್ಲೆನ್ನಬಹುದು. ಇದನ್ನು ಒಪ್ಪಿಗೆಪತ್ರದ ಸಣ್ಣ ಅಕ್ಷರಗಳಲ್ಲಿ ಅಡಗಿಸಿಡುವುದು ತಪ್ಪು. ಬಾಯಿಬಿಟ್ಟು, ಅವರದೇ ಮಾತಿನಲ್ಲಿ, ಮೊದಲೇ ಹೇಳಬೇಕು. ಬೇರೆ ದಾರಿಗಳಿವೆ: ಕಾರ್ಖಾನೆಯಲ್ಲೇ ತಯಾರಾಗುವ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಖನಿಜದ ಪುಡಿ, 1969ರಲ್ಲಿ ವಿಜ್ಞಾನಿ ಲ್ಯಾರಿ ಹೆಂಚ್ ರೂಪಿಸಿದ, ಮೂಳೆಗೆ ಅಂಟಿಕೊಳ್ಳುವ ಬಯೋಗ್ಲಾಸ್ ಎಂಬ ಗಾಜು. ರೋಗಿಯ ರಕ್ತವನ್ನೇ ಗಿರಕಿಯಂತ್ರದಲ್ಲಿ ತಿರುಗಿಸಿ ತೆಗೆಯುವ ಫೈಬ್ರಿನ್ ಎಂಬ ಹೆಪ್ಪು ಕೂಡ ಇದೆ. ಗಾಯ ಮಾಯಲು ಅದು ಒಳ್ಳೆಯದು. ಆದರೆ ಬೇಗ ಕರಗುವುದರಿಂದ ದೊಡ್ಡ ಗುಂಡಿಯ ಜಾಗವನ್ನು ಅದೊಂದೇ ಹಿಡಿದಿಡುವುದಿಲ್ಲ.

ನಮ್ಮ ಬೆಳೆಗಾರರು ಟ್ರೈಕ್ಯಾಲ್ಸಿಯಂ ಫಾಸ್ಫೇಟನ್ನು ಆರಿಸಿಕೊಂಡರು. ಪೊರೆಗೆ ಹಂದಿಯ ಕೊಲಾಜನ್ ಆಗಬಹುದೆಂದರು. ಬೇರಿಗೆ ಗಾರೆಯಂತೆ ಕಚ್ಚಿದ್ದ ಪಾಚಿಯನ್ನು ಕೆರೆದು ತೆಗೆಯಲು ಹಿಡಿದಷ್ಟು ಹೊತ್ತು ಬೇರಾವುದಕ್ಕೂ ಹಿಡಿಯಲಿಲ್ಲ. ಪುಡಿ ಎಂದರೂ ಅದು ಹಿಟ್ಟಲ್ಲ, ಕಡಂಬುಟ್ಟಿನ ಅಕ್ಕಿತರಿಯಷ್ಟು ಕಾಳು. ರಕ್ತದಲ್ಲಿ ನೆನೆದಾಗ ಮುದ್ದೆಗಟ್ಟುತ್ತದೆ. ಗುಂಡಿಯ ಬಾಯಿಗೆ ಸಮನಾಗಿ ತುಂಬಿದೆ. ಒತ್ತಿ ಗಿಡಿದರೆ ಹೊಸ ರಕ್ತನಾಳ ನುಸುಳಲು ಎಡೆಯಿರುವುದಿಲ್ಲ. ಗುಂಡಿಯ ಅಂಚನ್ನು 2–3 ಮಿಲಿಮೀಟರ್ ದಾಟುವಂತೆ ಪೊರೆಯನ್ನು ಕತ್ತರಿಸಿ ಹೊದಿಸಿ, ವಸಡನ್ನು ಎಳೆತವಿಲ್ಲದೆ ಹೊಲಿದೆ.

ಶಸ್ತ್ರಚಿಕಿತ್ಸೆಗೆ ಮೊದಲೇ ಅವರು ಸಿಗರೇಟು ಬಿಟ್ಟಿದ್ದರು. ಬಿಡದಿದ್ದರೆ ನಾನು ಕೈಹಾಕುತ್ತಿರಲಿಲ್ಲ. ಹೊಗೆ ವಸಡಿನ ರಕ್ತಸಂಚಾರವನ್ನು ಕುಗ್ಗಿಸಿ ಗಾಯ ಮಾಯುವುದನ್ನು ಕೆಡಿಸುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೂ ಮೊದಲು ಅದನ್ನು ಸರಿಪಡಿಸಿಕೊಂಡು ಬರಲು ಹೇಳುತ್ತೇನೆ.

ಒಂಬತ್ತು ತಿಂಗಳು ಆ ಜಾಗಕ್ಕೆ ಕಡ್ಡಿ ಇಳಿಸಲಿಲ್ಲ. ನವೆಂಬರ್‌ನಲ್ಲಿ ಅಳೆದಾಗ 4 ಮಿಲಿಮೀಟರ್, ರಕ್ತ ಬರಲಿಲ್ಲ. ಎಕ್ಸ್‌ರೇಯಲ್ಲಿ ಗುಂಡಿ ಬಹುಪಾಲು ತುಂಬಿತ್ತು, ಪೂರ್ತಿಯಲ್ಲ. ಅವರಿಗೆ ಸಂತೋಷವಾಯಿತು. ಮುಂದಿನ ಶುಚಿಗೆ ಕೊಯ್ಲು, ಒಣಗಿಸುವುದು, ಮಾರಾಟ ಎಲ್ಲ ಮುಗಿಸಿ ಏಪ್ರಿಲ್‌ನಲ್ಲಿ ಬರುತ್ತೇನೆಂದರು. ಶುಚಿ ಆಗಬೇಕಾದದ್ದು ಮೂರು ತಿಂಗಳಿಗೆ, ಅಂದರೆ ಫೆಬ್ರವರಿಯಲ್ಲಿ, ಕಾಫಿ ಕಣದಲ್ಲಿದ್ದರೂ ಒಂದು ಗಂಟೆ ಬಿಡುವು ಮಾಡಿಕೊಂಡು ಬರಲೇಬೇಕು ಎಂದು ಚೀಟಿಯಲ್ಲಿ ದಿನಾಂಕ ಬರೆದುಕೊಟ್ಟೆ.