ಕೊನೆಗಾಲದಲ್ಲಿರುವವರ ಹತ್ತಿರ ಏನು ಮಾತಾಡಬೇಕು?

ಪ್ರಶ್ನೆ: ಮನೆಯಲ್ಲಿ ಹಿರಿಯರೊಬ್ಬರು ಕೊನೆಯ ದಿನಗಳಲ್ಲಿದ್ದಾರೆ. ನೋಡಲು ಬಂದವರೆಲ್ಲ "ಏನೂ ಆಗಲ್ಲ, ಹುಷಾರಾಗ್ತೀರಿ" ಅನ್ನುತ್ತಾರೆ. ಆಗಲ್ಲ ಅನ್ನೋದು ಅವರಿಗೂ ಗೊತ್ತು, ನಮಗೂ ಗೊತ್ತು. ಸಾವಿನ ಮಾತು ಎತ್ತಬಹುದಾ? ಬೌದ್ಧ ಧರ್ಮ ಏನು ಹೇಳುತ್ತದೆ?

ಉತ್ತರ: ಎತ್ತಬಹುದು. ಆದರೆ ಮೊದಲು ಅವರ ಚಿಂತೆ ಏನು ಅಂತ ನೋಡಿ. ಸಾವಿನ ಮಾತು ಆಮೇಲೆ. ಪಾಲಿ ಭಾಷೆಯ ಹಳೇ ಬೌದ್ಧ ಗ್ರಂಥಗಳಲ್ಲಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿ ತೋರಿಸಿದವರು ಯಾವ ಭಿಕ್ಷುವೂ ಅಲ್ಲ, ಒಬ್ಬ ಗೃಹಿಣಿ.

ಬುದ್ಧರ ಉಪದೇಶಗಳ ಸಂಗ್ರಹಗಳಲ್ಲಿ ಒಂದಾದ ಅಂಗುತ್ತರ ನಿಕಾಯದಲ್ಲಿ ಬರುವ ಪ್ರಸಂಗ ಇದು. ಭಗ್ಗರ ನಾಡಿನ ಸುಂಸುಮಾರಗಿರಿಯಲ್ಲಿ ನಕುಲಪಿತ ಅನ್ನುವ ಗೃಹಸ್ಥ ಕಾಯಿಲೆ ಬಿದ್ದಿದ್ದಾನೆ. ಉಳಿಯುವ ಹಾಗೆ ಕಾಣುತ್ತಿಲ್ಲ. ಹೆಂಡತಿ ನಕುಲಮಾತಾ ಹತ್ತಿರ ಕೂತು, ಮನಸ್ಸಿನಲ್ಲಿ ಕೊರಗು ಇಟ್ಟುಕೊಂಡು ಸಾಯಬೇಡಿ ಅನ್ನುತ್ತಾಳೆ. ಅಷ್ಟು ಹೇಳಿ ಸುಮ್ಮನಾಗುವುದಿಲ್ಲ. ಗಂಡನಿಗೆ ಏನೇನು ಕೊರಗು ಇರಬಹುದು ಅಂತ ತಾನೇ ಊಹಿಸಿ, ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಮಕ್ಕಳನ್ನು ಸಾಕೋದು ಹೇಗೆ ಅಂತ ಯೋಚನೆಯಾ? ನನಗೆ ಹತ್ತಿ ನೂಲೋಕೆ ಬರುತ್ತೆ, ಉಣ್ಣೆ ಹಿಂಜೋಕೆ ಬರುತ್ತೆ, ಮಕ್ಕಳನ್ನೂ ಮನೆಯನ್ನೂ ನೋಡಿಕೊಳ್ತೀನಿ. ನಾನು ಬೇರೆಯವರನ್ನು ಕಟ್ಟಿಕೊಳ್ತೀನಿ ಅಂತಲಾ? 16 ವರ್ಷದಿಂದ ನಾವಿಬ್ಬರೂ ಬ್ರಹ್ಮಚರ್ಯದಲ್ಲೇ ಸಂಸಾರ ಮಾಡಿದ್ದೇವೆ, ನಿಮಗೇ ಗೊತ್ತು. ನೀವು ಹೋದಮೇಲೆ ಬುದ್ಧರನ್ನು ನೋಡೋಕೆ ಹೋಗುವುದನ್ನು ಬಿಡ್ತೀನಿ ಅಂತಲಾ? ಇನ್ನೂ ಜಾಸ್ತಿ ಹೋಗ್ತೀನಿ. ಆಮೇಲೆ ತನ್ನ ಶೀಲ (ಒಳ್ಳೆಯ ನಡತೆ), ಮನಸ್ಸಿನ ಶಾಂತಿ, ಶ್ರದ್ಧೆಯ ಬಗ್ಗೆಯೂ ಭರವಸೆ ಕೊಡುತ್ತಾಳೆ.

ನೂಲುವ ಮಾತು ಮೊದಲು, ಶ್ರದ್ಧೆಯ ಮಾತು ಕೊನೆಗೆ. ನನಗೆ ಈ ಪ್ರಸಂಗದಲ್ಲಿ ತುಂಬಾ ಇಷ್ಟವಾಗುವುದು ಈ ಕ್ರಮ. ನಮ್ಮ ಮನೆಗಳಲ್ಲಿ ಆ ಮೊದಲ ಚಿಂತೆ ಮಗಳ ಮದುವೆ, ಬ್ಯಾಂಕ್ ಸಾಲ, ಜಮೀನಿನ ಖಾತೆ ಆಗಿರುತ್ತದೆ. ನಕುಲಪಿತ ಆಮೇಲೆ ಹುಷಾರಾಗಿ, ಕೋಲೂರಿಕೊಂಡು ಬುದ್ಧರ ಹತ್ತಿರ ಬರುತ್ತಾನೆ. ಇಷ್ಟು ಅನುಕಂಪ ಇರುವ, ಬುದ್ಧಿ ಹೇಳುವ ಹೆಂಡತಿ ಸಿಕ್ಕಿದ್ದು ನಿನ್ನ ಭಾಗ್ಯ ಅನ್ನುತ್ತಾರೆ ಬುದ್ಧರು. ಗಮನಿಸಿ, ಅವಳು ಹೇಳಿದ್ದರಲ್ಲಿ ಒಂದೂ ಪೊಳ್ಳು ಭರವಸೆ ಅಲ್ಲ. ನೀವೂ ಕೈಲಾಗದ್ದನ್ನು ಮಾಡ್ತೀನಿ ಅಂತ ಮಾತು ಕೊಡಬೇಡಿ.

ಇಂಥದ್ದೇ ಇನ್ನೊಂದು ಸಂಗ್ರಹ ಸಂಯುತ್ತ ನಿಕಾಯದಲ್ಲಿ, ಬುದ್ಧರದೇ ಶಾಕ್ಯ ಕುಲದ ಗೃಹಸ್ಥ ಮಹಾನಾಮ ಹೆಚ್ಚುಕಡಿಮೆ ನಿಮ್ಮ ಪ್ರಶ್ನೆಯನ್ನೇ ಕೇಳುತ್ತಾನೆ. ಬುದ್ಧರ ಉತ್ತರದಲ್ಲೂ ಕ್ರಮ ಇದೆ. ಮೊದಲು ಧೈರ್ಯ ಹೇಳು: ನಿನಗೆ ಶ್ರದ್ಧೆ ಇದೆ, ಶೀಲ ಇದೆ. ಆಮೇಲೆ ಅಪ್ಪ ಅಮ್ಮನ ಚಿಂತೆ ಇದೆಯಾ ಕೇಳು. ಇದೆ ಅಂದರೆ, ಚಿಂತೆ ಮಾಡಿದರೂ ಸಾವು ಬರುತ್ತೆ, ಮಾಡದಿದ್ದರೂ ಬರುತ್ತೆ, ಬಿಟ್ಟುಬಿಡು ಅನ್ನು. ಬಿಟ್ಟೆ ಅಂದಮೇಲೆ ಹೆಂಡತಿ ಮಕ್ಕಳ ಬಗ್ಗೆ ಕೇಳು. ಹೀಗೆ ಮುಂದೆ. ಓದಿದರೆ ಸ್ವಲ್ಪ ಕಟುವಾಗಿದೆ ಅನಿಸುತ್ತೆ, ಅಲ್ವಾ? ಇದು ಬುದ್ಧರ ದಾರಿಯಲ್ಲೇ ನಡೆದ ಇಬ್ಬರ ನಡುವಿನ ಮಾತು. ಆ ದಾರಿಯಲ್ಲಿಲ್ಲದವರಿಗೆ ಇದನ್ನೇ ಹೇಳಲು ಹೋಗಬೇಡಿ. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ರೀತಿಯನ್ನು ಮಾತ್ರ ತಗೊಳ್ಳಿ.

ಬೈಲಕುಪ್ಪೆ, ಮುಂಡಗೋಡದ ಟಿಬೆಟಿಯನ್ನರಲ್ಲಿ ಸಾವಿನ ನಂತರ 49 ದಿನ ಪ್ರಾರ್ಥನೆ ಮಾಡುವ ಪದ್ಧತಿ ಇದೆ. ಅದು ಬೇರೆ ಸಂಪ್ರದಾಯ. ನೀವು ಕೇಳಿದ್ದು ಸಾವಿಗೆ ಮುಂಚಿನ ಮಾತು.

ಇನ್ನು ಮಾತಿಗಿಂತ ಮೊದಲು ಮೈಯ ಆರೈಕೆ. ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯ ಪಿಟಕದಲ್ಲಿ ಒಬ್ಬ ಭಿಕ್ಷು ಭೇದಿಯಾಗಿ ತನ್ನ ಹೊಲಸಿನಲ್ಲೇ ಬಿದ್ದಿರುತ್ತಾನೆ. ಅವನಿಂದ ಯಾರಿಗೂ ಉಪಯೋಗವಿಲ್ಲ ಅಂತ ಯಾರೂ ನೋಡಿಕೊಂಡಿಲ್ಲ. ಬುದ್ಧರು ತಮ್ಮ ಜೊತೆಗಿರುವ ಶಿಷ್ಯ ಆನಂದನಿಂದ ನೀರು ತರಿಸುತ್ತಾರೆ. ತಾವು ನೀರು ಹೊಯ್ಯುತ್ತಾರೆ, ಆನಂದ ತೊಳೆಯುತ್ತಾನೆ. ತಲೆಯ ಕಡೆ ಒಬ್ಬರು, ಕಾಲ ಕಡೆ ಒಬ್ಬರು ಹಿಡಿದೆತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ನನ್ನ ಸೇವೆ ಮಾಡಬೇಕು ಅನ್ನುವವರು ರೋಗಿಯ ಸೇವೆ ಮಾಡಲಿ ಅಂದದ್ದು ಆಗಲೇ. ಒಳ್ಳೆಯ ಆರೈಕೆಗಾರರ ಲಕ್ಷಣಗಳೂ ಅಲ್ಲೇ ಇವೆ: ಔಷಧಿ ಸಿದ್ಧ ಮಾಡಲು ಬರಬೇಕು, ಮಲಮೂತ್ರ, ವಾಂತಿ ತೆಗೆಯಲು ಹೇಸಬಾರದು. ಧರ್ಮದ ಮಾತಿನಿಂದ ಸಮಾಧಾನ ಮಾಡುವುದು ಪಟ್ಟಿಯಲ್ಲಿ ಕೊನೆಯದು. ನೋವಿದ್ದರೆ ಮೊದಲು ಡಾಕ್ಟರಿಗೆ ಹೇಳಿ.

ಅವರು ಅತ್ತರೆ ಗಾಬರಿಯಾಗಬೇಡಿ. ಬುದ್ಧರ ಗೃಹಸ್ಥ ಭಕ್ತ ಅನಾಥಪಿಂಡಿಕ ಸಾಯುವ ಮುಂಚೆ, ಬುದ್ಧರ ಹಿರಿಯ ಶಿಷ್ಯ ಸಾರಿಪುತ್ತರ ಉಪದೇಶ ಕೇಳಿ ಅತ್ತುಬಿಡುತ್ತಾನೆ. ಧೈರ್ಯಗೆಟ್ಟನೇನೋ ಅಂತ ಆನಂದ ವಿಚಾರಿಸುತ್ತಾನೆ. ಇಲ್ಲ, ಇಷ್ಟು ಕಾಲ ಸೇವೆ ಮಾಡಿದರೂ ಇಂಥ ಮಾತು ಕೇಳಿರಲಿಲ್ಲ, ಅದಕ್ಕೇ ಅಳು ಬಂತು ಅಂತಾನೆ ಅನಾಥಪಿಂಡಿಕ.

ಮಾತು ತೋಚದಿದ್ದರೆ ಶ್ರೀಲಂಕಾದ ಹಳೇ ಪದ್ಧತಿ ಒಂದಿದೆ: ಅವರು ಮಾಡಿದ ಒಳ್ಳೆಯ ಕೆಲಸಗಳನ್ನು ನೆನಪಿಸುವುದು. ಅಲ್ಲಿನ ಹಳೇ ಚರಿತ್ರೆಯ ಗ್ರಂಥ ಮಹಾವಂಸದ ಪ್ರಕಾರ, ಅನುರಾಧಪುರದ ರಾಜ ದುಟ್ಟಗಾಮಣಿ ಸಾಯುವಾಗ ತನ್ನ ಪುಣ್ಯದ ಪುಸ್ತಕವನ್ನೇ ಓದಿಸಿದ. ವಿಹಾರ, ಸ್ತೂಪ, ದಾನಗಳ ದೊಡ್ಡ ಪಟ್ಟಿ. ಆದರೆ ಅವನಿಗೆ ಖುಷಿ ಕೊಟ್ಟದ್ದು ಎರಡೇ. ಬರಗಾಲದಲ್ಲಿ ಕಿವಿಯ ಓಲೆ ಕೊಟ್ಟು ಐವರು ಭಿಕ್ಷುಗಳಿಗೆ ಸಂಪಾದಿಸಿದ ನವಣೆ ಗಂಜಿ, ಯುದ್ಧದಲ್ಲಿ ಸೋತು ಓಡುವಾಗ ತನ್ನ ಪಾಲಿನಿಂದ ಒಬ್ಬ ಭಿಕ್ಷುವಿಗೆ ಕೊಟ್ಟ ಊಟ. ನಿಮ್ಮ ಹಿರಿಯರನ್ನೂ ಇಂಥ ಕಷ್ಟಕಾಲದ ವಿಷಯ ಕೇಳಿ ನೋಡಿ. ಕಟ್ಟಿಸಿದ ಮನೆಯ ಬಗ್ಗೆ ಬಂದವರೆಲ್ಲ ಆಗಲೇ ಮಾತಾಡಿರುತ್ತಾರೆ.