ಡ್ರೆಸ್ಡನ್ ಫೈಲ್ಸ್: ಹ್ಯಾರಿಗೆ ಕಾಣದ ಸಂಚುಗಳನ್ನು ಓದುವ ಬಗೆ

ಮೊದಲೇ ಹೇಳಿಬಿಡುತ್ತೇನೆ. ಈ ಟಿಪ್ಪಣಿಯಲ್ಲಿ 2020ರ ‘ಬ್ಯಾಟಲ್ ಗ್ರೌಂಡ್’ ತನಕದ ಗುಟ್ಟುಗಳು ಬಯಲಾಗುತ್ತವೆ. ಸರಣಿಯನ್ನು ಇನ್ನೂ ಓದುತ್ತಿರುವವರು ಮುಗಿಸಿಕೊಂಡು ಬನ್ನಿ.

ಜಿಮ್ ಬುಚರ್ ಅವರ ‘ದ ಡ್ರೆಸ್ಡನ್ ಫೈಲ್ಸ್’ 2000ದಲ್ಲಿ ‘ಸ್ಟಾರ್ಮ್ ಫ್ರಂಟ್’ ಕಾದಂಬರಿಯಿಂದ ಶುರುವಾಯಿತು. ಹ್ಯಾರಿ ಡ್ರೆಸ್ಡನ್ ಶಿಕಾಗೊದಲ್ಲಿರುವ ಮಾಂತ್ರಿಕ, ಜೊತೆಗೆ ಪತ್ತೇದಾರ. ಮೊದಲ ಪುಸ್ತಕಗಳು ಒಂದಕ್ಕೊಂದು ಸಂಬಂಧವಿಲ್ಲದ ಕೇಸುಗಳಂತೆ ಕಾಣುತ್ತವೆ. ಆದರೆ ‘ಫೂಲ್ ಮೂನ್’ನಲ್ಲಿ ಎಫ್‌ಬಿಐ ಏಜೆಂಟರಿಗೆ ತೋಳವಾಗುವ ಬೆಲ್ಟುಗಳನ್ನು ಕೊಟ್ಟವರು ಯಾರು? ‘ಸ್ಟಾರ್ಮ್ ಫ್ರಂಟ್’ನ ವಿಕ್ಟರ್ ಸೆಲ್ಸ್‌ಗೆ ಅಷ್ಟು ಮಾಟ ಎಲ್ಲಿಂದ ಬಂತು? ಇದೆಲ್ಲದರ ಹಿಂದೆ ಒಂದೇ ಗುಂಪು ಇರಬಹುದು ಎಂದು ಮುಂದೆ ಹ್ಯಾರಿಗೇ ಅನುಮಾನ ಬರುತ್ತದೆ. ಆ ಗುಂಪಿಗೆ ಅವನ ಕಡೆಯವರು ಇಟ್ಟುಕೊಂಡ ಹೆಸರು ‘ಬ್ಲ್ಯಾಕ್ ಕೌನ್ಸಿಲ್’. ಅಭಿಮಾನಿಗಳ ಊಹೆಗಳು ಹೆಚ್ಚಾಗಿ ಸುತ್ತುವುದು ಒಂದೇ ಪ್ರಶ್ನೆಯ ಸುತ್ತ: ಈ ಗುಂಪಿನಲ್ಲಿ ಯಾರ್ಯಾರಿದ್ದಾರೆ?

ನನ್ನ ಪ್ರಕಾರ ಇನ್ನೊಂದು ಪ್ರಶ್ನೆ ಇದಕ್ಕಿಂತ ಜಾಸ್ತಿ ಫಲ ಕೊಡುತ್ತದೆ. ಹ್ಯಾರಿಗೆ ಏನು ಕಾಣುತ್ತಿಲ್ಲ? ಕಥೆ ಪೂರ್ತಿ ಅವನ ಬಾಯಿಂದಲೇ ಬರುತ್ತದೆ. ಅವನು ಮರೆತರೆ ನಾವೂ ಮರೆಯುತ್ತೇವೆ. ಅವನು ಮೋಸಹೋದರೆ ನಾವೂ ಮೋಸಹೋಗುತ್ತೇವೆ. ಬುಚರ್ ದೊಡ್ಡ ಸಂಚುಗಳನ್ನು ಅಡಗಿಸಿಡುವುದು ಈ ಜಾಗದಲ್ಲೇ.

ಇಲ್ಲದ ವಸ್ತುವೇ ಸುಳಿವು

ಇದಕ್ಕೆ ಅತ್ಯುತ್ತಮ ಪಾಠ 2008ರ ‘ಸ್ಮಾಲ್ ಫೇವರ್’. ಹ್ಯಾರಿ ಎಂದರೆ ಬೆಂಕಿ, ಅಲ್ವಾ? ಹೊಡೆದಾಟ ಬಂದರೆ ಬೆಂಕಿ ಹಾರಿಸುವ ಮಾಟದ ಕೋಲು, ಬ್ಲಾಸ್ಟಿಂಗ್ ರಾಡ್, ಕೈಗೆ ಬರಲೇಬೇಕು. ಈ ಪುಸ್ತಕದಲ್ಲಿ ಅದು ಬರುವುದೇ ಇಲ್ಲ. ಶತ್ರುಗಳು ಮೇಲೆ ಬಿದ್ದರೂ ಅವನು ಬೆಂಕಿಯ ಮಾಟ ಹಾಕುವುದಿಲ್ಲ. ಹಾಕುತ್ತಿಲ್ಲ ಎಂಬ ಯೋಚನೆಯೂ ಅವನಿಗೆ ಬರುವುದಿಲ್ಲ. ಪುಸ್ತಕ ಬಹಳ ಮುಂದೆ ಹೋದ ಮೇಲೆ ಜೊತೆಯವರು ಕೇಳಿದಾಗಲೇ ವಿಷಯ ಹೊರಗೆ ಬೀಳುತ್ತದೆ. ಫೇಯ್ ಎಂಬ ಮಾಯಾಲೋಕದ ಜನರಲ್ಲಿ ಚಳಿಗಾಲದ ರಾಣಿಯಾದ ಮ್ಯಾಬ್ ಅವನ ತಲೆಯೊಳಗೆ ಕೈಯಾಡಿಸಿದ್ದಾಳೆ.

ಇಲ್ಲಿ ಗಮನಿಸಿ, ಬುಚರ್ ಎಲ್ಲೂ ಸುಳ್ಳು ಹೇಳಿಲ್ಲ. ಸುಳಿವು ಪ್ರತಿ ಹೊಡೆದಾಟದಲ್ಲೂ ನಮ್ಮ ಕಣ್ಣ ಮುಂದೆಯೇ ಇತ್ತು. ನಾವು ಇರುವುದನ್ನು ಓದುತ್ತೇವೆ, ಇಲ್ಲದ್ದನ್ನು ಲೆಕ್ಕಕ್ಕೆ ಇಡುವುದಿಲ್ಲ. ಎರಡನೇ ಓದಿನಲ್ಲಿ ಒಂದು ಕೆಲಸ ಮಾಡಿ ನೋಡಿ. ಪ್ರತಿ ಪುಸ್ತಕದಲ್ಲೂ ಹ್ಯಾರಿ ಎಂದಿನಂತೆ ಮಾಡಬೇಕಾಗಿದ್ದ, ಆದರೆ ಮಾಡದೇ ಬಿಟ್ಟ ಕೆಲಸಗಳನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ.

ಮೂರು ವರ್ಷ ಮುಂಚೆ, ‘ಡೆಡ್ ಬೀಟ್’ನಲ್ಲಿ, ಇದೇ ಉಪಾಯದ ಇನ್ನೊಂದು ಮುಖ ಇದೆ. ಪುಸ್ತಕದಂಗಡಿಯಲ್ಲಿ ಸಿಗುವ ಶೀಲಾ ಎಂಬ ಹುಡುಗಿ ಹ್ಯಾರಿಗೆ ಬೇಕಾದ ಮಾಹಿತಿಯನ್ನು ನೆನಪಿನಿಂದಲೇ ಕೊಡುತ್ತಾಳೆ. ಅವಳು ಇರುವುದು ಅವನ ಮನಸ್ಸಿನಲ್ಲಿ ಮಾತ್ರ. ‘ಡೆತ್ ಮಾಸ್ಕ್ಸ್’ ಕೊನೆಯಲ್ಲಿ ಪುಟ್ಟ ಮಗುವನ್ನು ಉಳಿಸಲು ಅವನು ಮುಟ್ಟಿದ ಬೆಳ್ಳಿ ನಾಣ್ಯದಿಂದ ಬಂದ, ಲ್ಯಾಶಿಯಲ್ ಎಂಬ ಪತನಗೊಂಡ ದೇವದೂತೆಯ ನೆರಳು ಅದು. ಸುಮ್ನೆ ಸಹಾಯ ಮಾಡಿ ಹೋಗುವ ಪಾತ್ರ ಕಂಡರೆ ಕೇಳಿಕೊಳ್ಳಿ: ಇವಳನ್ನು ಹ್ಯಾರಿ ಬಿಟ್ಟು ಬೇರೆ ಯಾರಾದರೂ ಕಂಡಿದ್ದಾರಾ?

ಕೊಂದವನು ಯಾರು ಎಂಬ ಪ್ರಶ್ನೆಯ ಹಿಂದಿನ ಪ್ರಶ್ನೆ

2010ರ ‘ಚೇಂಜಸ್’ ಕೊನೆಯಲ್ಲಿ ಹ್ಯಾರಿಗೆ ಗುಂಡು ಬೀಳುತ್ತದೆ. ‘ಘೋಸ್ಟ್ ಸ್ಟೋರಿ’ ಬಂದದ್ದು 2011ರಲ್ಲಿ. ನಡುವೆ ಎಲ್ಲರ ಪ್ರಶ್ನೆ, ಗುಂಡು ಹಾರಿಸಿದವನು ಯಾರು? ಉತ್ತರ, ಬಾಡಿಗೆ ಹಂತಕ ಕಿನ್‌ಕೇಡ್. ಆದರೆ ಅವನಿಗೆ ಈ ಕೆಲಸ ಒಪ್ಪಿಸಿದವನು ಹ್ಯಾರಿಯೇ! ಆಮೇಲೆ ಆ ನೆನಪನ್ನು ಶಿಷ್ಯೆ ಮಾಲಿಯ ಕೈಯಲ್ಲಿ ಅಳಿಸಿಹಾಕಿಸಿದ್ದ. ಕಥೆ ಹೇಳುವವನೇ ಸಂಚುಗಾರ, ಮತ್ತು ಅದು ಅವನಿಗೇ ಗೊತ್ತಿಲ್ಲ.

ಇದರ ಅಡಿಯಲ್ಲಿ ಇನ್ನೂ ಒಂದು ಪದರ ಇದೆ. ಬೆನ್ನುಮೂಳೆ ಮುರಿದು ಮಲಗಿದ್ದಾಗ, ಪತನಗೊಂಡ ದೇವದೂತನೊಬ್ಬ ಅವನ ಕಿವಿಯಲ್ಲಿ ಒಂದು ಸುಳ್ಳು ಉಸುರಿದ್ದ. ಎಲ್ಲ ಆದದ್ದು ನಿನ್ನ ತಪ್ಪಿನಿಂದಲೇ ಎಂಬ ಅರ್ಥದ ಏಳೇ ಪದಗಳು. ಆ ಹತಾಶೆಯಿಂದಲೇ ಸಾವಿನ ಯೋಜನೆ ಹುಟ್ಟಿತು. ‘ಚೇಂಜಸ್’ ಓದುವಾಗ ಆ ಮಾತು ಹ್ಯಾರಿಯ ಸ್ವಂತ ದುಃಖವೆಂದೇ ನಾವು ನಂಬಿರುತ್ತೇವೆ. ಸರಣಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಕೌಶಲ ಇದು. ಹೀಗಾಗಿ ಹ್ಯಾರಿಯ ಅನಿಸಿಕೆಯನ್ನೇ ಸಾಕ್ಷಿ ಮಾಡಿಕೊಂಡ ಊಹೆಯನ್ನು ನಾನು ಬಲವಾದದ್ದು ಎಂದು ಒಪ್ಪುವುದಿಲ್ಲ.

ನಿಯಮ ಮುರಿದ ಜಾಗ

ಒಳ್ಳೆಯ ಊಹೆ ಈ ಲೋಕದ ನಿಯಮಗಳ ಮೇಲೆ ನಿಲ್ಲುತ್ತದೆ. ಫೇಯ್ ಜನ ಸುಳ್ಳಾಡಲಾರರು ಎಂಬುದು ಒಂದು ನಿಯಮ. 2012ರ ‘ಕೋಲ್ಡ್ ಡೇಸ್’ನಲ್ಲಿ ಮ್ಯಾಬ್‌ಳ ಮಗಳು ಮೇವ್ ಸುಳ್ಳಾಡುತ್ತಾಳೆ. ಅವಳೊಳಗೆ ಹೊರಲೋಕದ ‘ನೆಮೆಸಿಸ್’ ಸೇರಿಕೊಂಡಿದೆ ಎಂಬುದಕ್ಕೆ ಅದೇ ಗುರುತು. ಈ ಪುಸ್ತಕ ಬಂದ ಮೇಲೆ ಬ್ಲ್ಯಾಕ್ ಕೌನ್ಸಿಲ್ ಬಗೆಗಿನ ಹಳೆಯ ಊಹೆಗಳನ್ನೆಲ್ಲ ಮತ್ತೆ ತೂಗಿ ನೋಡಬೇಕಾಯಿತು. ದ್ರೋಹಿಗಳ ಗುಂಪೊಂದೇ ಅಲ್ಲ, ತಾನು ದ್ರೋಹ ಮಾಡುತ್ತಿದ್ದೇನೆ ಎಂದು ತಿಳಿಯದವರೂ ಇರಬಹುದು.

ಅಂಥವರಿಗೆ ಉದಾಹರಣೆ 2009ರ ‘ಟರ್ನ್ ಕೋಟ್’ನಲ್ಲಿ ಆಗಲೇ ಇದೆ. ಸಹಿಗೆ ಕಾಗದಪತ್ರ ಹಿಡಿದು ಓಡಾಡುವ ಗುಮಾಸ್ತ ಪೀಬಡಿ, ಶಾಯಿಯ ಮೂಲಕ ಮಾಂತ್ರಿಕರ ಆಡಳಿತ ಮಂಡಳಿಯಾದ ವೈಟ್ ಕೌನ್ಸಿಲ್‌ನವರ ಮನಸ್ಸನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತಿದ್ದ. ವಯಸ್ಸಾದ ಮಾಂತ್ರಿಕರ ಮೇಲೆ ಇದು ಅಷ್ಟಾಗಿ ನಡೆಯುವುದಿಲ್ಲ, ಎಳೆಯ ಮೆದುಳಿನ ಮೇಲೆ ನಡೆಯುತ್ತದೆ. ಹಾಗಾದರೆ ಕೌನ್ಸಿಲ್‌ನ ಕಾವಲುಪಡೆಯ ನಾಯಕಿ, ಹಿರಿಯಳಾದ ಲುಚ್ಚಿಯೊ ಹೇಗೆ ಸಿಕ್ಕಿಬಿದ್ದಳು? ‘ಡೆಡ್ ಬೀಟ್’ನಲ್ಲಿ ಅವಳ ದೇಹ ಅದಲುಬದಲಾಗಿ ಚಿಕ್ಕ ವಯಸ್ಸಿನವಳ ಮೈಯಲ್ಲಿ ಉಳಿದುಬಿಟ್ಟಿದ್ದಳು. 2005ರಲ್ಲಿ ಇಟ್ಟ ಸುಳಿವು 2009ರಲ್ಲಿ ಕೆಲಸಕ್ಕೆ ಬಂತು.

ಮುಸುಕಿನ ಮಾಂತ್ರಿಕ ಕೌಲ್ ಯಾರು ಎಂಬ ಚರ್ಚೆಗೆ ಇಲ್ಲಿ ಜಾಸ್ತಿ ಜಾಗ ಕೊಡುವುದಿಲ್ಲ. ಹ್ಯಾರಿಯ ಗುರು ಜಸ್ಟಿನ್, ವೈಟ್ ಕೌನ್ಸಿಲ್‌ನ ಹಿರಿಯ ಸೈಮನ್ ಪಿಯೆತ್ರೊವಿಚ್, ಕಾಲ ದಾಟಿ ಬಂದ ಹ್ಯಾರಿಯೇ, ಹೀಗೆ ಪಟ್ಟಿ ಉದ್ದ ಇದೆ. ಯಾವುದೇ ಹೆಸರು ಹೇಳಿ, ಆದರೆ ಅದರ ಜೊತೆಗೆ ಇಂಥ ಸಾಲು ಸಿಕ್ಕರೆ ನನ್ನ ಊಹೆ ಬೀಳುತ್ತದೆ ಎಂದೂ ಬರೆದಿಡಿ. ಅದನ್ನು ಬರೆಯಲಾಗದಿದ್ದರೆ ಕೈಯಲ್ಲಿರುವುದು ಇಷ್ಟದ ಹೆಸರು ಮಾತ್ರ. ಕಾಲದ ಹರಿವಿಗೆ ಎದುರು ಈಜಬಾರದು ಎಂಬುದು ಮಾಟದ ಆರನೇ ಕಾನೂನು. ಮೂರನೇ ಊಹೆಯವರು ಅದಕ್ಕೆ ಉತ್ತರ ಹೇಳಲೇಬೇಕು.

ಅಭ್ಯಾಸಕ್ಕೆ ಎರಡು ಜಾಗ ಸೂಚಿಸುತ್ತೇನೆ. ಒಂದು, 2001ರ ‘ಗ್ರೇವ್ ಪೆರಿಲ್’ನಲ್ಲಿ ರಕ್ತಪಿಶಾಚಿ ಬಿಯಾಂಕಾ ಕೊಡುವ ಔತಣ. ಅಲ್ಲಿ ಹಂಚಿದ ಉಡುಗೊರೆಗಳನ್ನು ಒಂದೊಂದಾಗಿ ಬರೆದುಕೊಳ್ಳಿ. ಹ್ಯಾರಿಯ ಫೇಯ್ ಧರ್ಮಮಾತೆ ಲಿಯಾಳ ಕೈಗೆ ಬಂದ ಕಠಾರಿ, ಹ್ಯಾರಿಗೆ ಸಿಕ್ಕ ಸಮಾಧಿಕಲ್ಲು. ಆಮೇಲೆ ‘ಪ್ರೂವನ್ ಗಿಲ್ಟಿ’ಯಲ್ಲಿ ಲಿಯಾ ಮಂಜುಗಡ್ಡೆಯೊಳಗೆ ಸೆರೆಯಾಗಿರುವ ದೃಶ್ಯಕ್ಕೆ ನೇರ ಹೋಗಿ. ಇನ್ನೊಂದು, 2020ರ ‘ಪೀಸ್ ಟಾಕ್ಸ್’ನಲ್ಲಿ ಹ್ಯಾರಿಯ ಅಣ್ಣ ಥಾಮಸ್‌ನ ಪ್ರೇಯಸಿ ಜಸ್ಟೀನ್ ಬರುವ ಪ್ರತಿ ಪುಟ. ಅವಳೊಳಗೆ ಯಾರಿದ್ದಾರೆ ಎಂದು ‘ಬ್ಯಾಟಲ್ ಗ್ರೌಂಡ್’ ಹೇಳಿಬಿಟ್ಟಿದೆ. ಈಗ ಹಿಂದಕ್ಕೆ ಹೋಗಿ, ಅವಳ ಯಾವ ಮಾತು ಥಾಮಸ್‌ನನ್ನು ಆ ಪುಸ್ತಕದಲ್ಲಿ ದೊರೆ ಎಟ್ರಿಯ ಮೇಲೆ ಅವನು ನಡೆಸುವ ದಾಳಿಗೆ ತಳ್ಳಿರಬಹುದು ಎಂದು ಸಾಲು ಹಿಡಿದು ಹುಡುಕಿ.