ಮಾತಾಡುವ ಟೈ, ನೆನಪಿಟ್ಟುಕೊಳ್ಳುವ ಹೂವು: ವಿಚಿತ್ರ ಗೇಮ್‌ಗಳು ಯಾಕೆ ಇಷ್ಟವಾಗುತ್ತವೆ?

ಗೇಮ್ ಶುರುವಾಗಿ ಕೆಲವೇ ನಿಮಿಷ. ಅಷ್ಟರಲ್ಲೇ ನಾಯಕ ಹೃದಯಾಘಾತವಾಗಿ ಸತ್ತುಹೋಗಬಹುದು. ಯಾರೂ ಗುಂಡು ಹೊಡೆದಿಲ್ಲ, ಯಾರೂ ಬೆನ್ನಟ್ಟಿ ಬಂದಿಲ್ಲ. ಸೀಲಿಂಗ್ ಫ್ಯಾನಿಗೆ ಸಿಕ್ಕಿಕೊಂಡ ತನ್ನದೇ ಟೈ ಎಳೆಯಲು ಹೋಗಿದ್ದಾನೆ, ಅಷ್ಟೆ. ಅವನೊಬ್ಬ ಪತ್ತೇದಾರ. ವಿಪರೀತ ಕುಡಿದು, ಹೋಟೆಲ್ ರೂಮನ್ನು ಚಿಂದಿ ಮಾಡಿ, ತನ್ನ ಹೆಸರು, ಕೆಲಸ, ಬಂದಿರುವ ಊರು ಎಲ್ಲವನ್ನೂ ಮರೆತು ಚಡ್ಡಿಯಲ್ಲಿ ನೆಲಕ್ಕೆ ಬಿದ್ದಿದ್ದವನು ಈಗಷ್ಟೇ ಎದ್ದಿದ್ದಾನೆ. ಟೈ ಕೈಗೆ ಬಂದರೂ ಕಥೆ ಮುಗಿಯಲಿಲ್ಲ. ಮುಂದೆ ಆ ಟೈ ಅವನ ಜೊತೆ ಮಾತಾಡುತ್ತದೆ.

ಇದು ‘ಡಿಸ್ಕೋ ಎಲಿಸಿಯಮ್’. ಎಸ್ಟೋನಿಯಾ ಮೂಲದ ತಂಡವೊಂದು ಮಾಡಿ 2019ರಲ್ಲಿ ಬಿಟ್ಟ ಗೇಮ್. ಕತ್ತಿ, ಬಂದೂಕು ಹಿಡಿದು ಕಾದಾಡುವ ಮಾಮೂಲಿ ಆಟ ಇದರಲ್ಲಿ ಇಲ್ಲ. ಓದುವುದಿದೆ, ಹತ್ತು ಲಕ್ಷಕ್ಕೂ ಜಾಸ್ತಿ ಪದ. ನಾಯಕನ 24 ಗುಣಗಳು ಅವನ ತಲೆಯೊಳಗೆ 24 ದನಿಗಳಾಗಿ ಕೂತು ಜಗಳ ಆಡುತ್ತವೆ. ತರ್ಕ ಒಂದು ಹೇಳಿದರೆ ಚಟ ಇನ್ನೊಂದು ಹೇಳುತ್ತದೆ, ಮನೋಬಲ ಇಬ್ಬರನ್ನೂ ಬೈಯುತ್ತದೆ. ಇಂಥ ಗೇಮ್ ಆ ವರ್ಷದ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ನಾಲ್ಕು ಪ್ರಶಸ್ತಿ ಬಾಚಿಕೊಂಡಿತು. ಜನ ಇದನ್ನು ಮುಗಿಸಿ, ಮತ್ತೆ ಮೊದಲಿಂದ ಶುರು ಮಾಡುತ್ತಾರೆ. ಯಾಕೆ?

ನಮ್ಮ ಬಾಗಲಕೋಟೆಯ ನವನಗರದಲ್ಲಿ ಸಂಜೆ ಯಾವ ಚಹಾ ಅಂಗಡಿ ಮುಂದೆ ನಿಂತರೂ ನಾಲ್ಕು ಹುಡುಗರು ಫೋನ್ ಅಡ್ಡ ಹಿಡಿದು ಶೂಟಿಂಗ್ ಗೇಮ್ ಆಡುತ್ತಿರುತ್ತಾರೆ. ಅದರ ಮಜಾ ಏನು ಅಂತ ಕೇಳಿದರೆ ಉತ್ತರ ಸುಲಭ. ಗೆಲುವಿದೆ, ಪೈಪೋಟಿಯಿದೆ, ಗೆಳೆಯರಿದ್ದಾರೆ. ರಿಚರ್ಡ್ ರಯಾನ್, ಸ್ಕಾಟ್ ರಿಗ್ಬಿ, ಆಂಡ್ರ್ಯೂ ಶಿಬಿಲ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ನನ್ನ ಇಷ್ಟದಂತೆ ಮಾಡುತ್ತೇನೆ, ನನಗೆ ಇದು ಬರುತ್ತದೆ, ನನ್ನ ಜೊತೆ ಜನ ಇದ್ದಾರೆ ಎಂಬ ಮೂರು ಭಾವನೆಗಳನ್ನು ಗೇಮ್ ಕೊಟ್ಟರೆ ನಾವು ಅದನ್ನು ಬಿಡುವುದಿಲ್ಲ. ಸರಿಯಾದ ಮಾತು. ಆದರೆ ಮಾತಾಡುವ ಟೈ ಯಾಕೆ ಇಷ್ಟವಾಗುತ್ತದೆ ಎನ್ನುವುದಕ್ಕೆ ಇಷ್ಟು ಸಾಲದು.

ನನ್ನ ಪ್ರಕಾರ ಗುಟ್ಟು ಇರುವುದು ಎರಡು ಸಂಗತಿ ಒಂದೇ ಕಡೆ ಸೇರುವುದರಲ್ಲಿ. ಮುಂದೇನಾಗುತ್ತದೆ ಎಂಬ ನಮ್ಮ ಊಹೆಯನ್ನು ಈ ಗೇಮ್‌ಗಳು ಪದೇಪದೇ ಸುಳ್ಳು ಮಾಡುತ್ತವೆ. ಜೊತೆಗೆ, ಆಗಿದ್ದೆಲ್ಲ ನಮ್ಮ ಕೈಯಿಂದಲೇ ಆಗುವಂತೆ ನೋಡಿಕೊಳ್ಳುತ್ತವೆ. ಮೊದಲನೆಯದನ್ನು ಒಳ್ಳೆ ಕಾದಂಬರಿಯೂ ಮಾಡೀತು. ಎರಡನೆಯದು ಗೇಮಿಗೆ ಮಾತ್ರ ಸಾಧ್ಯ.

ಊಹೆಯಿಂದಲೇ ಶುರು ಮಾಡೋಣ. 1944ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಒಂದು ಪುಟ್ಟ ಚಿತ್ರ ಮಾಡಿ ಜನರಿಗೆ ತೋರಿಸಿದರು. ಅದರಲ್ಲಿ ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ವೃತ್ತ, ಬಾಗಿಲಿನಂತೆ ತೆರೆಯುವ ಒಂದು ಆಯತ ಬಿಟ್ಟರೆ ಬೇರೇನೂ ಇರಲಿಲ್ಲ. ಅವು ಅತ್ತಿತ್ತ ಸರಿದಾಡುತ್ತವೆ. ನೋಡಿದ್ದನ್ನು ಬರೆಯಿರಿ ಎಂದಾಗ, ಮೊದಲ ಗುಂಪಿನ 34 ಜನರಲ್ಲಿ ಒಬ್ಬರು ಮಾತ್ರ ‘ತ್ರಿಕೋನ ಇತ್ತ ಸರಿಯಿತು’ ಎಂಬ ಧಾಟಿಯಲ್ಲಿ ಬರೆದರು. ಉಳಿದವರೆಲ್ಲ ಆ ಆಕಾರಗಳಿಗೆ ಜೀವ ಕೊಟ್ಟು, ಬೆನ್ನಟ್ಟಿತು, ಹೆದರಿತು, ಹೊಡೆದಾಡಿತು ಎಂದೇ ವಿವರಿಸಿದರು. ಹೀಗೆ ಮಾಡಿ ಅಂತ ಯಾರೂ ಹೇಳಿರಲಿಲ್ಲ. ಎರಡು ಗೆರೆ ಅಲುಗಾಡಿದರೆ ಸಾಕು, ಅಲ್ಲೊಬ್ಬ ಮನುಷ್ಯನನ್ನು, ಅವನಿಗೊಂದು ಆಸೆಯನ್ನು, ಒಬ್ಬ ವೈರಿಯನ್ನು ಮಿದುಳು ತಾನೇ ಕಲ್ಪಿಸಿಕೊಳ್ಳುತ್ತದೆ. ಗ್ರಾಫಿಕ್ಸ್ ಚೆನ್ನಾಗಿಲ್ಲದ ಗೇಮ್ ಕೂಡ ಕಣ್ಣಲ್ಲಿ ನೀರು ತರಿಸುವುದು ಈ ಅಭ್ಯಾಸದಿಂದಲೇ.

ಹೀಗೆ ಕಥೆ ಕಟ್ಟುವ ಮಿದುಳು ಮುಂದಿನದನ್ನೂ ಊಹಿಸುತ್ತಿರುತ್ತದೆ. ನರವಿಜ್ಞಾನಿ ವೋಲ್ಫ್‌ರಾಮ್ ಶುಲ್ಟ್ಸ್ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು, ಡೋಪಮೈನ್ ಎಂಬ ರಾಸಾಯನಿಕ ಬಿಡುವ ಮಿದುಳಿನ ನರಕೋಶಗಳ ಮೇಲೆ ಕಣ್ಣಿಟ್ಟರು. ಅನಿರೀಕ್ಷಿತವಾಗಿ ರಸ ಸಿಕ್ಕಾಗ ಆ ಕೋಶಗಳು ಜೋರಾಗಿ ಮಿಡಿದವು. ರಸ ಬರುವ ಸೂಚನೆಯನ್ನು ಕೋತಿ ಕಲಿತ ಮೇಲೆ, ರಸ ಬಂದರೂ ಅವು ಸುಮ್ನೆ ಇದ್ದವು. ಬರಬೇಕಾದ ರಸ ಬರದಿದ್ದರೆ ಮಿಡಿತ ಇಳಿದುಹೋಯಿತು. 1997ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಹೇಳಿದ್ದು ಇಷ್ಟು: ಈ ಕೋಶಗಳು ಅಳೆಯುತ್ತಿರುವುದು ಊಹೆಗೂ ನಡೆದದ್ದಕ್ಕೂ ಇರುವ ವ್ಯತ್ಯಾಸವನ್ನು. ನೂರನೇ ಸಲ ಅದೇ ಶತ್ರುವನ್ನು ಹೊಡೆದಾಗ ಮೊದಲಿನ ಖುಷಿ ಯಾಕೆ ಸಿಗುವುದಿಲ್ಲ ಎನ್ನುವುದನ್ನು ಇದರಿಂದ ಸ್ವಲ್ಪ ಅರ್ಥ ಮಾಡಿಕೊಳ್ಳಬಹುದು. ಫ್ಯಾನಿನಿಂದ ಟೈ ತೆಗೆಯಲು ಹೋಗಿ ನಾಯಕ ಸತ್ತಾಗ ಆಡುವವನು ಬೆಚ್ಚಿಬಿದ್ದು, ನಕ್ಕು, ಮತ್ತೆ ಶುರು ಮಾಡುವುದನ್ನೂ.

ಅದರ ಬೆನ್ನಿಗೇ ಕುತೂಹಲ ಬರುತ್ತದೆ. ಏನೂ ಗೊತ್ತಿಲ್ಲದಾಗ ಕುತೂಹಲ ಹುಟ್ಟುವುದಿಲ್ಲ, ಅರ್ಧಂಬರ್ಧ ಗೊತ್ತಿದ್ದಾಗ ಹುಟ್ಟುತ್ತದೆ ಎಂದು ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ವಾದಿಸಿದರು. ತಿಳಿದದ್ದಕ್ಕೂ ತಿಳಿಯಬೇಕಾದ್ದಕ್ಕೂ ನಡುವಿನ ಕಂದರ ಮನಸ್ಸನ್ನು ಕೊರೆಯುತ್ತದೆ. 2014ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ನಡೆದ ಪ್ರಯೋಗವೊಂದು ನನಗೆ ಬಹಳ ಇಷ್ಟ. ಜನರಿಗೆ ಒಂದು ಪ್ರಶ್ನೆ ಕೇಳಿ, ಉತ್ತರ ಬರುವ ಮೊದಲು ಕಾಯಿಸಿ, ಆ ನಡುವೆ ಒಂದು ಅಪರಿಚಿತ ಮುಖದ ಫೋಟೋ ತೋರಿಸಿದರು. ಪ್ರಶ್ನೆ ತುಂಬ ಕುತೂಹಲ ಹುಟ್ಟಿಸಿದ್ದರೆ ಉತ್ತರ ಚೆನ್ನಾಗಿ ನೆನಪಿರುತ್ತಿತ್ತು. ಅದರ ಜೊತೆಗೆ, ಪ್ರಶ್ನೆಗೆ ಸಂಬಂಧವೇ ಇಲ್ಲದ ಆ ಮುಖವೂ ಚೆನ್ನಾಗಿ ನೆನಪಿರುತ್ತಿತ್ತು. ಕುತೂಹಲ ಕೆರಳಿದ ಹೊತ್ತಿನಲ್ಲಿ ಮಿದುಳು ಸುತ್ತಮುತ್ತಲಿನದನ್ನೆಲ್ಲ ಬಾಚಿಕೊಳ್ಳುತ್ತದೆ. ಒಳ್ಳೆ ವಿಚಿತ್ರ ಗೇಮಿನ ಒಂದು ಬೀದಿ, ಒಂದು ಹಾಡು, ಒಬ್ಬ ಅಂಗಡಿಯವನು ವರ್ಷಗಟ್ಟಲೆ ನೆನಪಿನಲ್ಲಿ ಉಳಿಯುವುದರಲ್ಲಿ ಇದರ ಪಾಲೂ ಇರಬೇಕು ಅನಿಸುತ್ತದೆ.

ಹಾಗಂತ ಕುಂದುಕೊರತೆ ತುಂಬಿದ ಗೇಮ್‌ಗಳನ್ನು ಜನ ಹೊತ್ತು ಮೆರೆಸುವುದು ಯಾಕೆ? 2010ರ ‘ಡೆಡ್ಲಿ ಪ್ರಿಮೊನಿಷನ್’ ತಗೊಳ್ಳಿ. ಗ್ರಾಫಿಕ್ಸ್ ಆ ಕಾಲಕ್ಕೇ ಹಳತು, ಕಾರು ಓಡಿಸುವುದು ಹಿಂಸೆ, ಹೊಡೆದಾಟ ಬೇಸರ. ಒಬ್ಬ ವಿಮರ್ಶಕರು ಹತ್ತಕ್ಕೆ 2 ಕೊಟ್ಟರು, ಇನ್ನೊಬ್ಬರು ಹತ್ತಕ್ಕೆ 10. ನಾನು ಹತ್ತು ಕೊಟ್ಟವರ ಕಡೆ. ಇದರ ನಾಯಕ ಯಾರ್ಕ್ ಎಂಬ ಎಫ್‌ಬಿಐ ಅಧಿಕಾರಿ. ಅವನಿಗೆ ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಗಡ್ಡ ಬೆಳೆಯುತ್ತದೆ. ಸೂಟ್ ಬದಲಾಯಿಸದೆ ಓಡಾಡಿಸಿದರೆ ಸುತ್ತ ನೊಣ ಹಾರಾಡತೊಡಗುತ್ತವೆ. ಊರಿನ ಒಬ್ಬೊಬ್ಬರಿಗೂ ದಿನಚರಿ ಇದೆ, ನಾವು ನೋಡಲಿ ಬಿಡಲಿ ಅವರು ತಮ್ಮ ಪಾಡಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಅದೆಲ್ಲಕ್ಕಿಂತ ವಿಚಿತ್ರ ಅಂದರೆ ಯಾರ್ಕ್ ಕಣ್ಣಿಗೆ ಕಾಣದ ‘ಝ್ಯಾಕ್’ ಎಂಬವನ ಜೊತೆ ಸದಾ ಮಾತಾಡುತ್ತಿರುತ್ತಾನೆ. ಕಾರಲ್ಲಿ ಹೋಗುತ್ತಾ ಹಳೇ ಸಿನಿಮಾಗಳ ಬಗ್ಗೆ ಹರಟೆ, ಸಾಕ್ಷಿ ಸಿಕ್ಕಾಗ ‘ಏನಂತೀ ಝ್ಯಾಕ್?’ ಅಂತ ಪ್ರಶ್ನೆ. ಸ್ವಲ್ಪ ಹೊತ್ತಿಗೆ ಆ ಝ್ಯಾಕ್ ನಾವೇ ಇರಬೇಕು ಅನಿಸಿಬಿಡುತ್ತದೆ.

ಕೊರತೆಗಳು ಕಣ್ಣಿಗೆ ಬೀಳದಿರುವುದಕ್ಕೂ ಒಂದು ವಿವರಣೆ ಇದೆ. ಮೆಲನಿ ಗ್ರೀನ್ ಮತ್ತು ತಿಮೋತಿ ಬ್ರಾಕ್ 2000ದಲ್ಲಿ ಓದುಗರಿಗೆ ಕಥೆ ಕೊಟ್ಟು, ಸುಳ್ಳು ಅನಿಸಿದ ಕಡೆ ಗುರುತು ಹಾಕಿ ಎಂದರು. ಕಥೆಯಲ್ಲಿ ಮುಳುಗಿಹೋದವರು ಕಡಿಮೆ ಗುರುತು ಹಾಕಿದರು. ಅದೇ ಕಥೆ, ಅದೇ ಸಾಲು. ಒಳಗೆ ಹೋದವನಿಗೆ ಒಡಕು ಕಾಣುವುದಿಲ್ಲ. ಆ 2 ಮತ್ತು 10ರ ನಡುವಿನ ಅಂತರ ಇದೇ ಅಂತ ನನಗನಿಸುತ್ತದೆ: ಒಬ್ಬರು ಹೊರಗೆ ನಿಂತು ನೋಡಿದರು, ಇನ್ನೊಬ್ಬರು ಒಳಗೆ ಹೋಗಿ ನೋಡಿದರು.

ಕಥೆಯೊಳಗಿಂದ ಯಾರೋ ನಮ್ಮತ್ತ ತಿರುಗಿ ಮಾತಾಡುವುದು ಈ ಭಾಗದವರಿಗೆ ಹೊಸದೇನಲ್ಲ. ಬೆಳಗಾವಿ ಜಿಲ್ಲೆಯ ಕುಲಗೋಡದ ತಮ್ಮಣ್ಣನವರ ಹೆಸರಿನ ಜೊತೆ ಸೇರಿಕೊಂಡ ಶ್ರೀಕೃಷ್ಣ ಪಾರಿಜಾತವನ್ನು ರಾತ್ರಿಯಿಡೀ ಕೂತು ನೋಡಿದವರಿಗೆ ಗೊತ್ತು. ನಾರದ ತಂದ ಹೂವು ರುಕ್ಮಿಣಿಗೆ ಸಿಗುತ್ತದೆ, ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ, ಈ ಕಥೆ ಗೊತ್ತಿಲ್ಲದವರು ಅಲ್ಲಿ ಯಾರೂ ಇರುವುದಿಲ್ಲ. ಆದರೂ ಏಳುವುದಿಲ್ಲ. ಯಾಕಂದರೆ ಭಾಗವತ ಪಕ್ಕದಲ್ಲಿ ನಿಂತು ಬರೀ ಹಾಡಿ ಸುಮ್ಮನಾಗುವವನಲ್ಲ. ಪಾತ್ರಗಳ ನಡುವೆ ನುಗ್ಗಿ ಕೆಣಕುತ್ತಾನೆ, ದೇವರನ್ನೇ ಅಡ್ಡಪ್ರಶ್ನೆ ಕೇಳುತ್ತಾನೆ. ಕಥೆ ಗೊತ್ತಿದ್ದರೂ ಮುಂದಿನ ಮಾತು ಏನು ಬರುತ್ತದೋ ಗೊತ್ತಿರುವುದಿಲ್ಲ.

ಗೇಮ್ ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ಯುತ್ತದೆ. 1998ರ ‘ಮೆಟಲ್ ಗೇರ್ ಸಾಲಿಡ್’ನಲ್ಲಿ ಮನಸ್ಸು ಓದುವ ಖಳನೊಬ್ಬ ಬರುತ್ತಾನೆ. ಅವನು ನಿಮ್ಮ ಪ್ಲೇಸ್ಟೇಷನ್ (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ) ಒಳಗಿನ ಮೆಮೊರಿ ಕಾರ್ಡ್ ಓದಿ, ನೀವು ಬೇರೆ ಯಾವ ಗೇಮ್ ಆಡಿದ್ದೀರಿ ಅಂತ ಹೇಳಿಬಿಡುತ್ತಾನೆ. ಅವನಿಗೆ ನಿಮ್ಮ ಮನಸ್ಸು ಸಿಗದಂತೆ ಮಾಡಬೇಕಾದರೆ ಎದ್ದು ಹೋಗಿ ಕಂಟ್ರೋಲರಿನ ವೈರನ್ನು ಎರಡನೇ ಪೋರ್ಟಿಗೆ ಚುಚ್ಚಬೇಕು.

ಇನ್ನು ‘ಅಂಡರ್‌ಟೇಲ್’. ಟೋಬಿ ಫಾಕ್ಸ್ ಬಹುಪಾಲು ಒಬ್ಬರೇ ಕೂತು ಮಾಡಿ 2015ರಲ್ಲಿ ಬಿಡುಗಡೆ ಮಾಡಿದ್ದು. ಚೌಕ ಚೌಕದ ಹಳೇ ಕಾಲದ ಚಿತ್ರಗಳು, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಯಾರನ್ನೂ ಕೊಲ್ಲದೆ ಇಡೀ ಗೇಮ್ ಮುಗಿಸಬಹುದು. ಶುರುವಿನಲ್ಲೇ ಟೋರಿಯಲ್ ಎಂಬ ತಾಯಿಯಂಥ ಜೀವಿ ನಿಮ್ಮನ್ನು ಕೈಹಿಡಿದು ಮನೆಗೆ ಕರೆದೊಯ್ದು, ಪೈ ಮಾಡಿಟ್ಟು, ಮಲಗಿಸುತ್ತದೆ. ಹೊರಗೆ ಹೋಗುತ್ತೇನೆ ಅಂದರೆ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಎದುರಾಳಿಯ ಶಕ್ತಿ ಸ್ವಲ್ಪ ಇಳಿಸಿದರೆ ಕ್ಷಮಿಸಿ ಬಿಡಬಹುದು ಅಂತ ಅಷ್ಟರಲ್ಲಿ ಕಲಿತಿರುತ್ತೀರಿ. ಅದನ್ನೇ ನಂಬಿ ಹೊಡೆಯುತ್ತಾ ಹೋದರೆ, ಒಂದು ಏಟು ಇದ್ದಕ್ಕಿದ್ದಂತೆ ವಿಪರೀತ ಜೋರಾಗಿ ಬಿದ್ದು ಅವಳು ಸತ್ತೇಹೋಗುತ್ತಾಳೆ. ಅವಳೋ, ನಿಮ್ಮ ಜೀವ ಕಡಿಮೆಯಾದಾಗ ಬೆಂಕಿಯುಂಡೆಗಳು ನಿಮಗೆ ತಾಗದಂತೆ ಪಕ್ಕಕ್ಕೆ ಎಸೆಯುತ್ತಿರುತ್ತಾಳೆ.

ನನ್ನ ಅಣ್ಣನ ಮಗ ಇದನ್ನು ಆಡುವಾಗ ಪಕ್ಕದಲ್ಲೇ ಕೂತಿದ್ದೆ. ಅವನೂ ಕೊಂದ. ಮಾತಿಲ್ಲದೆ ಗೇಮ್ ಮುಚ್ಚಿ, ಹಳೇ ಸೇವ್‌ನಿಂದ, ಅಂದರೆ ಮೊದಲು ಉಳಿಸಿಟ್ಟಿದ್ದ ಹಂತದಿಂದ ತೆರೆದು, ಈ ಸಲ ಒಂದೇ ಒಂದು ಏಟೂ ಹೊಡೆಯದೆ ಮತ್ತೆ ಮತ್ತೆ ‘ಕ್ಷಮಿಸು’ ಒತ್ತಿ ಅವಳನ್ನು ಉಳಿಸಿಕೊಂಡ. ನಿರಾಳವಾದ. ಆಚೆ ಬಾಗಿಲಲ್ಲಿ ಒಂದು ಹಳದಿ ಹೂವು ಕಾದಿರುತ್ತದೆ. ನೀನೇನು ಮಾಡಿದೆ ಅಂತ ನನಗೆ ಗೊತ್ತು, ಕೊಂದೆ, ಆಮೇಲೆ ಪಶ್ಚಾತ್ತಾಪವಾಗಿ ವಾಪಸ್ ಹೋದೆ ಅನ್ನುತ್ತದೆ ಅದು. ಹುಡುಗ ಕುರ್ಚಿಯಿಂದ ಎದ್ದೇಬಿಟ್ಟ. “ಕಾಕಾ, ಇದಕ್ಕ ಹೆಂಗ ಗೊತ್ತಾತು?”

ತಂತ್ರ ಸರಳ. ಸೇವ್ ಫೈಲ್ ಬಿಟ್ಟು ಬೇರೆ ಒಂದು ಸಣ್ಣ ಫೈಲಿನಲ್ಲಿ ಗೇಮ್ ಇದನ್ನು ಬರೆದಿಟ್ಟಿರುತ್ತದೆ. ಪರಿಣಾಮ ಮಾತ್ರ ಸರಳವಲ್ಲ. ಸಿನಿಮಾದಲ್ಲಿ ಯಾರೋ ಸತ್ತರೆ ದುಃಖವಾಗುತ್ತದೆ, ತಪ್ಪಿತಸ್ಥ ಭಾವನೆ ಬರುವುದಿಲ್ಲ, ಯಾಕಂದರೆ ನಾವು ಏನೂ ಮಾಡಿರುವುದಿಲ್ಲ. ಇಲ್ಲಿ ಬಟನ್ ಒತ್ತಿದ್ದು ನಾವೇ. ಬಫಲೋ ವಿಶ್ವವಿದ್ಯಾಲಯದ ಮ್ಯಾಥ್ಯೂ ಗ್ರಿಝರ್ಡ್ ಮತ್ತು ಸಂಗಡಿಗರು 2014ರಲ್ಲಿ ಕೆಲವರಿಗೆ ಭಯೋತ್ಪಾದಕನ ಪಾತ್ರ, ಕೆಲವರಿಗೆ ವಿಶ್ವಸಂಸ್ಥೆ ಸೈನಿಕನ ಪಾತ್ರ ಕೊಟ್ಟು ಶೂಟಿಂಗ್ ಗೇಮ್ ಆಡಿಸಿದರು. ಕೆಟ್ಟ ಪಾತ್ರ ಆಡಿದವರಲ್ಲಿ ತಪ್ಪಿತಸ್ಥ ಭಾವನೆ ಜಾಸ್ತಿಯಿತ್ತು, ಆ ಭಾವನೆಯ ಜೊತೆಗೆ ಅನ್ಯಾಯ, ಕ್ರೌರ್ಯದ ಬಗೆಗಿನ ಸೂಕ್ಷ್ಮತೆಯೂ ಹೆಚ್ಚಿತ್ತು. ಗೇಮ್ ಆಡಿದರೆ ಮಕ್ಕಳು ಹಾಳಾಗುತ್ತಾರೆ ಅಂತ ಒಂದೇ ಮಾತಲ್ಲಿ ತಳ್ಳಿಹಾಕುವವರು ಇದನ್ನು ಗಮನಿಸಬೇಕು.

ಒಂದು ಎಚ್ಚರಿಕೆ ಬೇಕು. ವಿಚಿತ್ರವಾಗಿದ್ದರೆ ಸಾಕು ಅಂತಲ್ಲ. ಪಾಸ್ಕಲ್ ಬಾಯೆ ಎಂಬ ಮಾನವಶಾಸ್ತ್ರಜ್ಞ ಜಗತ್ತಿನ ದೇವರು, ದೆವ್ವಗಳ ಕಥೆಗಳನ್ನು ನೋಡಿ ಒಂದು ಮಾತು ಹೇಳಿದ್ದಾರೆ: ಬಹುಮಟ್ಟಿಗೆ ಮಾಮೂಲಿಯಾಗಿದ್ದು ಒಂದೆರಡು ಕಡೆ ಮಾತ್ರ ನಿಯಮ ಮುರಿಯುವ ಕಲ್ಪನೆಗಳೇ ಹೆಚ್ಚು ನೆನಪಿರುತ್ತವೆ. ಪ್ರತಿ ಸಾಲಿನಲ್ಲೂ ಹುಚ್ಚಾಟ ಇದ್ದರೆ ಮಿದುಳು ಊಹಿಸುವುದನ್ನೇ ಬಿಟ್ಟುಬಿಡುತ್ತದೆ, ಊಹೆಯೇ ಇಲ್ಲದಾಗ ಅಚ್ಚರಿ ಎಲ್ಲಿಂದ ಬರಬೇಕು? ‘ಡಿಸ್ಕೋ ಎಲಿಸಿಯಮ್’ನಲ್ಲಿ ಕಿಮ್ ಕಿತ್ಸುರಾಗಿ ಎಂಬ ಜೊತೆಗಾರ ಅಧಿಕಾರಿ ಇದ್ದಾನೆ. ಶಾಂತ, ಶಿಸ್ತಿನ, ನೋಟ್‌ಬುಕ್ ಹಿಡಿದ ಮನುಷ್ಯ. ಅವನ ಎದುರಿಗೆ ಇಟ್ಟಾಗಲೇ ನಮ್ಮ ಪತ್ತೇದಾರನ ಹುಚ್ಚು ಎಷ್ಟಿದೆ ಅಂತ ಗೊತ್ತಾಗುವುದು. ಕಿಮ್ ಹುಬ್ಬೇರಿಸಿದರೆ ಆಡುವವನಿಗೆ ನಿಜವಾಗಿಯೂ ನಾಚಿಕೆಯಾಗುತ್ತದೆ. ಅವನು ಮೆಚ್ಚಲಿ ಅಂತಲೇ ಮಾತು ಆರಿಸುವವರು ಎಷ್ಟೋ ಜನ, ನಾನೂ ಹಾಗೇ ಆಡಿದ್ದು.

ನನಗೆ ಕಾಡುವುದು ಒಂದೇ. ಇವೆಲ್ಲ ಇಂಗ್ಲಿಷಿನಲ್ಲಿವೆ. ಹತ್ತು ಲಕ್ಷ ಪದದ ಗೇಮನ್ನು ವಿಜಯಪುರದ ಹಳ್ಳಿಯೊಂದರ ಹುಡುಗಿ ಇಂಗ್ಲಿಷಿನಲ್ಲಿ ಓದಿ, ನಕ್ಕು, ಅಳಬೇಕು ಅಂದರೆ ಸುಲಭವಲ್ಲ. ಕಥೆಗೆ ಭಾಷೆಯೇ ಬಾಗಿಲು. 2023ರಲ್ಲಿ ‘ವೆಂಬಾ’ ಎಂಬ ಗೇಮ್ ಬಂತು, ಕೆನಡಾಕ್ಕೆ ಹೋದ ತಮಿಳು ಕುಟುಂಬವೊಂದರ ಕಥೆ. ಅಮ್ಮನ ಹರಿದ ಅಡುಗೆ ಪುಸ್ತಕದಲ್ಲಿ ಅಳಿಸಿಹೋದ ಸಾಲುಗಳನ್ನು ಊಹಿಸಿ ಇಡ್ಲಿಯಂಥ ಅಡುಗೆ ಮಾಡುವುದೇ ಅದರ ಆಟ. ನಮ್ಮ ಮನೆಯ ಸಂಗತಿಗಳೂ ಗೇಮ್ ಆಗಬಹುದು ಅನ್ನುವುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಕನ್ನಡದಲ್ಲಿ ಶುರು ಮಾಡಲು ದೊಡ್ಡ ಕಂಪನಿ ಬೇಡ. ಕ್ರಿಸ್ ಕ್ಲೈಮಸ್ 2009ರಲ್ಲಿ ಮಾಡಿದ ‘ಟ್ವೈನ್’ ಎಂಬ ಉಚಿತ ಸಾಧನ ಇದೆ. ಕಥೆಯ ತುಣುಕು ಬರೆಯುವುದು, ಆಯ್ಕೆಗಳಿಗೆ ಕೊಂಡಿ ಹಾಕುವುದು, ಇಷ್ಟೇ ಕೆಲಸ. ಕೊನೆಗೆ ಸಿಗುವುದು ಒಂದು ವೆಬ್ ಪುಟ, ಹಾಗಾಗಿ ಕನ್ನಡ ಲಿಪಿ ಮಾಮೂಲಿ ಬ್ರೌಸರಿನಲ್ಲಿ ಓದಲು ಬರುತ್ತದೆ. ಕಥೆಗೂ ನಮಗೆ ಬರವಿಲ್ಲ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ನವನಗರಕ್ಕೆ ಬಂದ ಮನೆಗಳು ಇಲ್ಲಿ ಬೇಕಾದಷ್ಟಿವೆ. ನೀರು ಬರುವ ಮೊದಲು ಮನೆ ಖಾಲಿ ಮಾಡುವ ಒಂದು ದಿನವನ್ನು ಯಾರಾದರೂ ಗೇಮ್ ಮಾಡಲಿ. ತೊಲೆ, ಬಾಗಿಲು, ರೊಟ್ಟಿ ಹಂಚು ಇವುಗಳಲ್ಲಿ ಯಾವುದನ್ನು ಟ್ರ್ಯಾಕ್ಟರಿಗೆ ಏರಿಸಬೇಕು ಅಂತ ಆಡುವವರೇ ಆರಿಸಲಿ. ಎತ್ತಿಕೊಂಡು ಹೋಗಲಾಗದ ಅಂಗಳದ ಹಗೇವು ಒಂದೇ ಅಲ್ಲಿ ಬಾಯಿಬಿಟ್ಟು, ಮೂರು ತಲೆಮಾರಿನ ಜೋಳದ ಲೆಕ್ಕ ಹೇಳುತ್ತಾ ಜಗಳಕ್ಕೆ ನಿಲ್ಲಲಿ. ಅಂಥದ್ದೊಂದು ಬಂದ ದಿನ ಮೊದಲು ಆಡುವವನು ನಾನೇ.